ನಿಕಲ್ ಜೊತೆ ಕೋಬಾಲ್ಟೂ ಪಾಸಿಟಿವ್ ಬಂದಾಗ: ಲೋಹಗಳ ಅಡ್ಡ ಅಲರ್ಜಿಯನ್ನು ಪತ್ತೆ ಹಚ್ಚುವ ಕ್ರಮ

ಪ್ಯಾಚ್ ಟೆಸ್ಟ್ ಎಂದರೆ ಅಲರ್ಜಿಕಾರಕಗಳನ್ನು ಬೆನ್ನಿಗೆ ಅಂಟಿಸಿ ಚರ್ಮದ ಪ್ರತಿಕ್ರಿಯೆ ನೋಡುವ ಪರೀಕ್ಷೆ. ಅದರ ವರದಿಯಲ್ಲಿ ನಿಕಲ್ ಮುಂದೆ ಎರಡು ಪ್ಲಸ್, ಕೋಬಾಲ್ಟ್ ಮುಂದೆ ಒಂದು ಪ್ಲಸ್ ಕಂಡ ಕೂಡಲೇ ‘ಕ್ರಾಸ್ ರಿಯಾಕ್ಷನ್’ ಎಂದು ಬರೆದು ಮುಗಿಸುವುದು ಸುಲಭ. ಆದರೆ ಒಂದೇ ಬೆನ್ನಿನ ಮೇಲೆ ಎರಡು ಲೋಹಗಳು ಕೆಂಪಾಗಲು ನಾಲ್ಕು ಬೇರೆ ಬೇರೆ ಕಾರಣಗಳಿರಬಹುದು. ಒಂದು ಲೋಹವನ್ನು ಗುರುತಿಸಲು ಕಲಿತ ಟಿ ಕೋಶಗಳು (ರೋಗನಿರೋಧಕ ವ್ಯವಸ್ಥೆಯ ಒಂದು ಬಗೆಯ ರಕ್ತಕಣಗಳು) ಅದನ್ನೇ ಹೋಲುವ ಇನ್ನೊಂದಕ್ಕೂ ಎರಗಿರಬಹುದು. ನಿಜವಾದ ಅಡ್ಡ ಪ್ರತಿಕ್ರಿಯೆ ಎಂದರೆ ಇದೇ. ಎರಡೂ ಲೋಹಗಳು ಒಟ್ಟಿಗೇ ಮೈಗೆ ತಾಗುತ್ತ ಬಂದು ಎರಡಕ್ಕೂ ಪ್ರತ್ಯೇಕವಾಗಿ ಅಲರ್ಜಿ ಬೆಳೆದಿರಬಹುದು. ಪರೀಕ್ಷೆಗೆ ಬಳಸಿದ ಒಂದು ಲವಣದಲ್ಲಿ ಇನ್ನೊಂದು ಲೋಹದ ಅಂಶ ಬೆರೆತಿರಬಹುದು. ಇಲ್ಲವೇ ಒಂದು ಕಡೆಯ ತೀವ್ರ ಉರಿಯೂತದಿಂದ ಇಡೀ ಬೆನ್ನೇ ಕೆರಳಿ, ಪಕ್ಕದ ಜಾಗ ಸುಮ್ಮನೆ ಕೆಂಪಾಗಿರಬಹುದು.

ಈ ನಾಲ್ಕನ್ನು ಬಿಡಿಸಿ ನೋಡಬೇಕಾಗುವುದು ಚಿಕಿತ್ಸೆಯ ಸಲುವಾಗಿ. ನಿಕಲ್ ಅಲರ್ಜಿಯೇ ಪೆಲೇಡಿಯಂ ಎಂಬ ಇನ್ನೊಂದು ಲೋಹಕ್ಕೂ ಹರಡಿದ್ದರೆ, ಪೆಲೇಡಿಯಂ ಎಂದೂ ಮೈಗೆ ತಾಗದವರೂ ಹಲ್ಲಿನ ಕ್ಯಾಪ್ ಹಾಕಿಸುವಾಗ ಎಚ್ಚರ ವಹಿಸಬೇಕು. ಕೋಬಾಲ್ಟಿಗೆ ಪ್ರತ್ಯೇಕವಾಗಿಯೇ ಅಲರ್ಜಿ ಇದ್ದರೆ, ಓಲೆ ಬಿಚ್ಚಿಟ್ಟರೂ ಕೈಯ ಇಸಬು ಹೋಗುವುದಿಲ್ಲ, ಕೋಬಾಲ್ಟ್ ಎಲ್ಲಿಂದ ಬರುತ್ತಿದೆ ಎಂದು ಹುಡುಕಲೇಬೇಕು. ಕೋಬಾಲ್ಟಿನ ಕೆಂಪು ಬರೀ ಕೆರಳಿಕೆಯಾಗಿದ್ದು, ಅದನ್ನು ಅಲರ್ಜಿ ಎಂದು ಬರೆದರೆ ರೋಗಿಯ ಮೇಲೆ ಜೀವನವಿಡೀ ಅನಗತ್ಯ ನಿರ್ಬಂಧ ಹೇರಿದಂತಾಗುತ್ತದೆ. ಆದ್ದರಿಂದ ಉಳಿದ ಮೂರು ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿದ ಮೇಲಷ್ಟೇ ಅಡ್ಡ ಪ್ರತಿಕ್ರಿಯೆಯ ಮಾತು ಬರಬೇಕು. ಕೆಳಗಿನ ಕ್ರಮ ಅದಕ್ಕಾಗಿ.

ಪರೀಕ್ಷೆ ಚರ್ಮರೋಗ ತಜ್ಞರ ಮೇಲ್ವಿಚಾರಣೆಯಲ್ಲೇ ನಡೆಯಬೇಕು. ಲೋಹದ ಲವಣಗಳನ್ನು ತಂದು ಮನೆಯಲ್ಲಿ ಹಚ್ಚಿಕೊಂಡು ನೋಡುವುದು ಅಪಾಯ: ಪ್ರಮಾಣ ಹೆಚ್ಚಾದರೆ ಚರ್ಮ ಸುಡುತ್ತದೆ, ಇಲ್ಲದ ಅಲರ್ಜಿಯೂ ಹುಟ್ಟಿಕೊಳ್ಳಬಹುದು. ಪರೀಕ್ಷೆ ಮಾಡುವವರನ್ನೂ, ಬೆನ್ನು ಕೊಟ್ಟು ಕೂರುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ.

ಯಾವ ಜೋಡಿಯನ್ನು ಅನುಮಾನಿಸಬೇಕು

ನಿಕಲ್ ಮತ್ತು ಪೆಲೇಡಿಯಂ: ನಿಜವಾದ ಅಡ್ಡ ಪ್ರತಿಕ್ರಿಯೆಗೆ ಅತ್ಯಂತ ಬಲವಾದ ಆಧಾರ ಇರುವ ಜೋಡಿ ಇದು. ಆವರ್ತಕ ಕೋಷ್ಟಕದಲ್ಲಿ ಎರಡೂ 10ನೇ ಗುಂಪಿಗೆ ಸೇರಿವೆ, ಒಂದರ ಕೆಳಗೆ ಒಂದು. ಎರಡರ ಅಯಾನುಗಳೂ (ವಿದ್ಯುದಾವೇಶ ಹೊತ್ತ ಪರಮಾಣುಗಳು) ಪ್ರೋಟೀನಿಗೆ ಅಂಟಿಕೊಳ್ಳುವಾಗ ನಾಲ್ಕು ಬಂಧಗಳ ಚಪ್ಪಟೆ ಚೌಕದಂಥ ಒಂದೇ ಬಗೆಯ ರಚನೆಯನ್ನು ಕಟ್ಟಬಲ್ಲವು. ಟಿ ಕೋಶ ಗುರುತಿಸುವುದು ಬರೀ ಲೋಹವನ್ನಲ್ಲ, ಲೋಹ ಅಂಟಿಕೊಂಡ ಪ್ರೋಟೀನ್ ತುಣುಕನ್ನು. ತುಣುಕಿನ ಆಕಾರ ಹೋಲಿದರೆ ಅದಕ್ಕೆ ವ್ಯತ್ಯಾಸ ತಿಳಿಯದು. ನಿಕಲ್ ಅಲರ್ಜಿ ಇರುವವರಿಂದ ಪಡೆದು ಪ್ರಯೋಗಾಲಯದಲ್ಲಿ ಬೆಳೆಸಿದ ಟಿ ಕೋಶಗಳ ಪೈಕಿ ಕೆಲವು ಪೆಲೇಡಿಯಂಗೂ, ಇನ್ನು ಕೆಲವು ತಾಮ್ರಕ್ಕೂ ಪ್ರತಿಕ್ರಿಯಿಸಿವೆ. ಪ್ಯಾಚ್ ಟೆಸ್ಟಿನಲ್ಲೂ ಪೆಲೇಡಿಯಂ ಪಾಸಿಟಿವ್ ಬಂದವರಲ್ಲಿ ಬಹುತೇಕರಿಗೆ ನಿಕಲ್ ಕೂಡ ಪಾಸಿಟಿವ್ ಇರುತ್ತದೆ, ಆದರೆ ನಿಕಲ್ ಪಾಸಿಟಿವ್ ಇರುವ ಎಲ್ಲರಿಗೂ ಪೆಲೇಡಿಯಂ ಬರುವುದಿಲ್ಲ.

ನಿಕಲ್ ಮತ್ತು ಕೋಬಾಲ್ಟ್: ಹೆಚ್ಚಾಗಿ ಕಾಣುವ ಜೋಡಿ ಇದು, ಹೆಚ್ಚು ತಪ್ಪಾಗಿ ಓದುವ ಜೋಡಿಯೂ ಇದೇ. ಕೋಬಾಲ್ಟಿನ ಪರಮಾಣು ಸಂಖ್ಯೆ 27, ನಿಕಲ್‌ನದು 28. ಅದಿರಿನಲ್ಲಿ, ಮಿಶ್ರಲೋಹದಲ್ಲಿ, ಲೇಪನದಲ್ಲಿ ಒಟ್ಟೊಟ್ಟಿಗೆ ಸಿಗುವ ಲೋಹಗಳು. ನಮ್ಮ ಸಹಜ ರೋಗನಿರೋಧಕ ವ್ಯವಸ್ಥೆಯ ಟಿಎಲ್‌ಆರ್-4 ಎಂಬ ಗ್ರಾಹಕವನ್ನು ಎರಡೂ ನೇರವಾಗಿ ಚುರುಕುಗೊಳಿಸಬಲ್ಲವು. ಆ ಗ್ರಾಹಕ ಚುರುಕಾದಾಗ ಚರ್ಮದಲ್ಲಿ ಅಪಾಯದ ಸೂಚನೆ ಹರಡುತ್ತದೆ, ಪಕ್ಕದಲ್ಲಿರುವ ಇನ್ನೊಂದು ಲೋಹಕ್ಕೂ ಅಲರ್ಜಿ ಬೆಳೆಯಲು ಹಾದಿ ಸುಗಮವಾಗುತ್ತದೆ. ಇದರಿಂದ ಆಗುವುದು ಎರಡು ಬೇರೆ ಅಲರ್ಜಿಗಳು, ಒಂದೇ ಅಲರ್ಜಿಯ ಎರಡು ಮುಖಗಳಲ್ಲ.

ಕ್ರೋಮಿಯಂ ಮತ್ತು ಕೋಬಾಲ್ಟ್: ಸಿಮೆಂಟ್ ಕೆಲಸ ಮಾಡುವವರಲ್ಲೂ, ಚರ್ಮದ ಚಪ್ಪಲಿ, ಕೈಗವಸುಗಳಿಂದ ಇಸಬು ಬರುವವರಲ್ಲೂ ಕಾಣುವ ಜೋಡಿ. ಗಿನಿ ಪಿಗ್‌ಗಳಲ್ಲಿ ಕ್ರೋಮೇಟಿಗೆ (ಕ್ರೋಮಿಯಂನ ಲವಣಕ್ಕೆ) ಮಾತ್ರ ಅಲರ್ಜಿ ಬೆಳೆಸಿ ನೋಡಿದಾಗ ಅವು ಕೋಬಾಲ್ಟಿಗೆ ಪ್ರತಿಕ್ರಿಯಿಸಲಿಲ್ಲ. ಮನುಷ್ಯರಲ್ಲಿ ಎರಡೂ ಒಟ್ಟಿಗೆ ಬಂದರೆ ಜೊತೆ ಸಂಪರ್ಕವೇ ಕಾರಣ ಎಂದು ಹಿಡಿದು ಹೊರಡುವುದು ಸರಿ.

ಕ್ರೋಮಿಯಂನ ಎರಡು ರೂಪಗಳ ವಿಷಯ ಬೇರೆ. ಆರು ವೇಲೆನ್ಸಿಯ ಕ್ರೋಮಿಯಂ ಚರ್ಮದೊಳಕ್ಕೆ ಸಲೀಸಾಗಿ ಇಳಿಯುತ್ತದೆ, ಒಳಗೆ ಮೂರು ವೇಲೆನ್ಸಿಗೆ ಇಳಿದು ಪ್ರೋಟೀನಿಗೆ ಅಂಟುತ್ತದೆ. ಹಾಗಾಗಿ ಆರು ವೇಲೆನ್ಸಿಯ ಲವಣವಾದ ಡೈಕ್ರೋಮೇಟ್ ಪಾಸಿಟಿವ್ ಬಂದವರಿಗೆ ಮೂರು ವೇಲೆನ್ಸಿಯ ಕ್ರೋಮಿಯಂನಿಂದಲೂ ತೊಂದರೆ ಆಗಬಹುದು, ಅದಕ್ಕೆ ಪ್ರಮಾಣ ಹೆಚ್ಚು ಬೇಕಾಗುತ್ತದೆ ಅಷ್ಟೆ.

ಪರೀಕ್ಷೆಗೆ ಮುನ್ನ

ಮೊದಲು ಸಂಪರ್ಕದ ಪಟ್ಟಿ ಬರೆಯಿರಿ. ಪರೀಕ್ಷೆಯ ಫಲಿತಾಂಶ ಕೈಯಲ್ಲಿಟ್ಟುಕೊಂಡು ಕೇಳಿದರೆ ರೋಗಿ ಆ ಫಲಿತಾಂಶಕ್ಕೆ ಹೊಂದುವ ನೆನಪುಗಳನ್ನೇ ಹೇಳುತ್ತಾರೆ, ಆದ್ದರಿಂದ ಇದು ಮೊದಲೇ ಆಗಬೇಕು. ಕಿವಿ ಚುಚ್ಚಿಸಿದ ಮೇಲೆ ಸೋರಿತ್ತೇ, ಪ್ಯಾಂಟಿನ ಗುಂಡಿ ತಾಗುವ ಹೊಕ್ಕುಳ ಸುತ್ತ ನವೆ ಇತ್ತೇ, ಗಡಿಯಾರದ ಪಟ್ಟಿಯ ಕೆಳಗೆ ಏನಾಗುತ್ತದೆ, ಕೆಲಸದಲ್ಲಿ ಯಾವ ಉಪಕರಣ ಹಿಡಿಯುತ್ತೀರಿ, ಸಿಮೆಂಟ್, ಲೇಪನದ ದ್ರಾವಣ, ಕುಂಬಾರಿಕೆಯ ಬಣ್ಣ, ಗಡಸು ಲೋಹದ ಕತ್ತರಿಸುವ ಅಲಗು ಇವುಗಳ ಒಡನಾಟ ಇದೆಯೇ, ಬಾಯಲ್ಲಿ ಕ್ಯಾಪ್, ಸೇತುವೆ, ಬ್ರೇಸ್ ಇವೆಯೇ, ಮೂಳೆಗೆ ತಟ್ಟೆ ಅಥವಾ ಕೀಲು ಹಾಕಿದ್ದಾರೆಯೇ. ಪ್ರತಿ ಉತ್ತರದ ಪಕ್ಕ ವರ್ಷವನ್ನೂ ಬರೆದಿಡಿ. ಯಾವ ಲೋಹ ಮೊದಲು ಮೈಗೆ ತಾಗಿತು ಎಂಬುದು ಮುಂದೆ ಬೇಕಾಗುತ್ತದೆ.

ಬೆನ್ನಿನ ಮೇಲ್ಭಾಗದಲ್ಲಿ ಇಸಬು ಇರಕೂಡದು. ದೇಹದ ಬೇರೆಡೆ ಇಸಬು ಜೋರಾಗಿದ್ದರೂ ಅದು ಇಳಿಯುವವರೆಗೆ ಕಾಯುವುದು ಒಳ್ಳೆಯದು, ಕೆರಳಿದ ಚರ್ಮ ಸುಳ್ಳು ಪಾಸಿಟಿವ್‌ಗಳ ಮೂಲ. ಬೆನ್ನಿಗೆ ಸ್ಟೀರಾಯ್ಡ್ ಮುಲಾಮು ಹಚ್ಚಿದ್ದರೆ 7 ದಿನ ಬಿಡುವು ಕೊಡಿ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ದಿನಕ್ಕೆ 10 ಮಿಲಿಗ್ರಾಂ ಮೀರಿದರೆ ಪ್ರತಿಕ್ರಿಯೆ ಮಂಕಾಗುವ ಸಂಭವ ಇದೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಇತರ ಔಷಧಗಳೂ ಹಾಗೆಯೇ. ಇವನ್ನು ರೋಗಿ ತಾನಾಗಿ ನಿಲ್ಲಿಸಬಾರದು. ನಿಲ್ಲಿಸಲಾಗದಿದ್ದರೆ ಪರೀಕ್ಷೆ ಮಾಡಿ, ನೆಗೆಟಿವ್ ಫಲಿತಾಂಶದ ಮೇಲೆ ಭರವಸೆ ಕಡಿಮೆ ಎಂದು ವರದಿಯಲ್ಲೇ ಬರೆಯಿರಿ. ತುರಿಕೆಯ ಮಾತ್ರೆಗಳನ್ನು, ಅಂದರೆ ಆಂಟಿಹಿಸ್ಟಮಿನ್‌ಗಳನ್ನು, ನಿಲ್ಲಿಸಬೇಕಿಲ್ಲ. ಇದು ತಡವಾಗಿ ಬರುವ ಅಲರ್ಜಿ, ಹಿಸ್ಟಮಿನ್ ಇದರ ನಾಯಕನಲ್ಲ. ಬಿಸಿಲಿಗೆ ಬೆನ್ನು ಕಪ್ಪಿಟ್ಟಿದ್ದರೆ ಕೆಲವು ವಾರ ಮುಂದೂಡಿ. ಗರ್ಭಿಣಿಯರಲ್ಲಿ ಮುನ್ನೆಚ್ಚರಿಕೆಯಾಗಿ ಹೆರಿಗೆಯ ನಂತರಕ್ಕೆ ಇಡುವುದೇ ವಾಡಿಕೆ.

ಯಾವ ಲವಣ, ಎಷ್ಟು ಪ್ರಮಾಣ

ಪೆಟ್ರೋಲೇಟಂನಲ್ಲಿ (ವ್ಯಾಸಲೀನ್ ಬಗೆಯ ಜಿಡ್ಡಿನಲ್ಲಿ) ಬೆರೆಸಿ ಸಿರಿಂಜಿನಲ್ಲಿ ತುಂಬಿ ಬರುವ ಸಿದ್ಧ ತಯಾರಿಗಳನ್ನೇ ಬಳಸಿ:

- ನಿಕಲ್ ಸಲ್ಫೇಟ್ ಹೆಕ್ಸಾಹೈಡ್ರೇಟ್ 5% (ಅಮೆರಿಕದ ಸರಣಿಯಲ್ಲಿ 2.5%)
- ಕೋಬಾಲ್ಟ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ 1%
- ಪೊಟ್ಯಾಸಿಯಂ ಡೈಕ್ರೋಮೇಟ್ 0.5% (ಅಮೆರಿಕದಲ್ಲಿ 0.25%)
- ಪೆಲೇಡಿಯಂ ಕ್ಲೋರೈಡ್ 2%, ಜೊತೆಗೆ ಸೋಡಿಯಂ ಟೆಟ್ರಾಕ್ಲೋರೋಪೆಲೇಡೇಟ್ 3%
- ಬರೀ ಪೆಟ್ರೋಲೇಟಂ, ಹೋಲಿಕೆಗಾಗಿ

ಪೆಲೇಡಿಯಂಗೆ ಎರಡು ಲವಣ ಯಾಕೆ? ಪೆಲೇಡಿಯಂ ಕ್ಲೋರೈಡ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಹಾಗಾಗಿ ಚರ್ಮದೊಳಕ್ಕೆ ಇಳಿಯುವುದು ಸ್ವಲ್ಪವೇ. ಲೆಕ್ಕ ಹಾಕಿದರೆ ಎರಡು ತಯಾರಿಗಳಲ್ಲೂ ಪೆಲೇಡಿಯಂ ಸರಿಸುಮಾರು ಒಂದೇ ಪ್ರಮಾಣದಲ್ಲಿದೆ, ಕಿಲೋಗ್ರಾಂಗೆ ಸುಮಾರು 0.1 ಮೋಲ್ (ಮೋಲ್ ಎಂದರೆ ಪರಮಾಣುಗಳ ಎಣಿಕೆಯ ಅಳತೆ). ಆದರೂ ಕರಗುವ ಟೆಟ್ರಾಕ್ಲೋರೋಪೆಲೇಡೇಟ್ ಹೆಚ್ಚು ಅಲರ್ಜಿಗಳನ್ನು ಹಿಡಿಯುತ್ತದೆ. ಬರೀ ಕ್ಲೋರೈಡ್ ಹಚ್ಚಿ ‘ಪೆಲೇಡಿಯಂ ಇಲ್ಲ’ ಎಂದು ಬರೆದ ವರದಿಯನ್ನು ನೆಚ್ಚಿ ಹಲ್ಲಿನ ಕ್ಯಾಪಿನ ಲೋಹ ಆರಿಸುವುದು ಸರಿಯಲ್ಲ.

ಇದೇ ಲೆಕ್ಕ ನಿಕಲ್ ಮತ್ತು ಕೋಬಾಲ್ಟಿಗೂ ಹಾಕಿ ನೋಡಿ. 5% ನಿಕಲ್ ಸಲ್ಫೇಟಿನಲ್ಲಿ ಕಿಲೋಗ್ರಾಂಗೆ ಸುಮಾರು 0.19 ಮೋಲ್ ನಿಕಲ್ ಇದೆ, 1% ಕೋಬಾಲ್ಟ್ ಕ್ಲೋರೈಡಿನಲ್ಲಿ ಸುಮಾರು 0.042 ಮೋಲ್ ಕೋಬಾಲ್ಟ್. ಅಂದರೆ ನಾಲ್ಕೂವರೆ ಪಟ್ಟು ಅಂತರ. ನಿಕಲ್‌ಗೆ ಎರಡು ಪ್ಲಸ್, ಕೋಬಾಲ್ಟಿಗೆ ಒಂದು ಪ್ಲಸ್ ಬಂದದ್ದನ್ನು ನೋಡಿ ‘ನಿಕಲ್ ಅಲರ್ಜಿಯೇ ಮೂಲ, ಕೋಬಾಲ್ಟ್ ಅದರ ನೆರಳು’ ಎಂದು ತೀರ್ಮಾನಿಸುವವರು ಈ ಅಂತರವನ್ನು ಮರೆತಿರುತ್ತಾರೆ.

ಸಿರಿಂಜುಗಳನ್ನು ಫ್ರಿಜ್‌ನಲ್ಲಿ, ಬೆಳಕು ಬೀಳದಂತೆ ಇಡಿ. ಅವಧಿ ಮೀರಿದ್ದನ್ನು ಬಳಸಬೇಡಿ.

ಚಿನ್ನವನ್ನು ಅಗತ್ಯ ಇದ್ದಾಗ ಮಾತ್ರ ಸೇರಿಸಿ. ಚಿನ್ನದ ಸೋಡಿಯಂ ಥಯೋಸಲ್ಫೇಟ್ ಬಹಳ ಜನರಲ್ಲಿ ಪಾಸಿಟಿವ್ ಬರುತ್ತದೆ, ಅವರಲ್ಲಿ ಅನೇಕರು ಯಾವ ತೊಂದರೆಯೂ ಇಲ್ಲದೆ ಚಿನ್ನ ತೊಡುತ್ತಿರುತ್ತಾರೆ. ಪ್ರತಿಕ್ರಿಯೆ ವಾರ ಕಳೆದ ಮೇಲೂ ಮೂಡಬಹುದು, ವಾರಗಟ್ಟಲೆ ಉಳಿಯಬಹುದು. ಬೆರಿಲಿಯಂ ಪ್ಯಾಚ್ ಟೆಸ್ಟ್ ಮಾಡಲೇಬೇಡಿ, ಪರೀಕ್ಷೆಯಿಂದಲೇ ಅಲರ್ಜಿ ಹುಟ್ಟಬಹುದು. ಅದಕ್ಕೆ ರಕ್ತದ ಲಿಂಫೋಸೈಟ್ ಪರೀಕ್ಷೆ ಇದೆ. ಪ್ಲಾಟಿನಂ ಲವಣಗಳ ಉಬ್ಬಸ ತಕ್ಷಣದ ಬಗೆಯ ಅಲರ್ಜಿ, ಪ್ಯಾಚ್ ಟೆಸ್ಟಿನ ವ್ಯಾಪ್ತಿಗೆ ಬರುವುದಿಲ್ಲ.

ಹೆಜ್ಜೆ 1: ಜಾಗ ಹಂಚುವುದು

ಸಾಮಾನ್ಯ ಪರೀಕ್ಷೆಯಲ್ಲಿ ಅಲರ್ಜಿಕಾರಕಗಳನ್ನು ಪಟ್ಟಿಯ ಅನುಕ್ರಮದಲ್ಲಿ ಸಾಲಾಗಿ ಅಂಟಿಸುತ್ತಾರೆ. ಅಡ್ಡ ಪ್ರತಿಕ್ರಿಯೆಯನ್ನು ನೋಡಬೇಕಿದ್ದರೆ ಆ ಅನುಕ್ರಮವನ್ನು ಮುರಿಯಬೇಕು. ನಿಕಲ್ ಎಡಭುಜದ ಹಿಂಭಾಗದಲ್ಲಿ, ಕೋಬಾಲ್ಟ್ ಬಲಭುಜದ ಹಿಂಭಾಗದಲ್ಲಿ, ಪೆಲೇಡಿಯಂ ಇವೆರಡರಿಂದಲೂ ದೂರದಲ್ಲಿ ಕೆಳಗೆ, ಹೀಗೆ. ತೀವ್ರವಾದ ನಿಕಲ್ ಪ್ರತಿಕ್ರಿಯೆ ತನ್ನ ಸುತ್ತಲಿನ ಚರ್ಮವನ್ನೂ ಕೆರಳಿಸುತ್ತದೆ. ಪಕ್ಕದಲ್ಲೇ ಕೋಬಾಲ್ಟ್ ಇದ್ದರೆ ಅದು ಅಲರ್ಜಿಯೋ ನೆರೆಯ ಬೆಂಕಿಯೋ ಎಂದು ಆಮೇಲೆ ಯಾರೂ ಹೇಳಲಾರರು. ಬೆನ್ನೆಲುಬಿನ ಮೇಲೆ ಅಂಟಿಸಬೇಡಿ, ಅಲ್ಲಿ ಚೇಂಬರ್ (ತಯಾರಿ ತುಂಬಿ ಅಂಟಿಸುವ ಚಿಕ್ಕ ಬಟ್ಟಲು) ಚರ್ಮಕ್ಕೆ ಸರಿಯಾಗಿ ಕೂರುವುದಿಲ್ಲ.

ಮೊದಲ ಸುತ್ತಿನಲ್ಲಿ ಎಷ್ಟು ಕಡಿಮೆ ಲೋಹಗಳಿದ್ದರೆ ಅಷ್ಟು ಒಳ್ಳೆಯದು. ಮೂಲ ಸರಣಿಯಲ್ಲಿರುವ (ಎಲ್ಲರಿಗೂ ಮೊದಲು ಹಚ್ಚುವ ಅಲರ್ಜಿಕಾರಕಗಳ ಪಟ್ಟಿಯಲ್ಲಿರುವ) ನಿಕಲ್, ಕೋಬಾಲ್ಟ್, ಕ್ರೋಮೇಟ್ ಮೊದಲು. ಸಂಪರ್ಕದ ಪಟ್ಟಿ ನೋಡಿಕೊಂಡು ಉಳಿದವು.

ಹೆಜ್ಜೆ 2: ತುಂಬುವುದು, ಅಂಟಿಸುವುದು

8 ಮಿಲಿಮೀಟರ್ ವ್ಯಾಸದ ಚೇಂಬರಿಗೆ ಪೆಟ್ರೋಲೇಟಂ ತಯಾರಿ 20 ಮಿಲಿಗ್ರಾಂ ಸಾಕು. ಅಂಟಿಸಿದಾಗ ಚೇಂಬರಿನ ತಳ ಮುಚ್ಚಬೇಕು, ಅಂಚಿನಿಂದ ಹೊರಗೆ ಉಕ್ಕಬಾರದು. ಹೆಚ್ಚಾದರೆ ಪಕ್ಕಕ್ಕೆ ಹರಿದು ನೆರೆಯ ಜಾಗವನ್ನು ಕೆಡಿಸುತ್ತದೆ, ಕಡಿಮೆಯಾದರೆ ನಿಜವಾದ ಅಲರ್ಜಿಯೂ ತಪ್ಪಿಹೋಗುತ್ತದೆ. ನೀರಿನ ದ್ರಾವಣವಾದರೆ ಸೋಸುಕಾಗದದ ಬಿಲ್ಲೆ ಇಟ್ಟು ಅದರ ಮೇಲೆ 15 ಮೈಕ್ರೋಲೀಟರ್, ಅಳತೆಯ ಪಿಪೆಟ್‌ನಿಂದಲೇ.

ಚೇಂಬರ್ ಯಾವುದರಿಂದ ಮಾಡಿದ್ದು ಎಂದು ನೋಡಿಕೊಳ್ಳಿ. ಪಾದರಸದ ಸಂಯುಕ್ತಗಳು ಅಲ್ಯೂಮಿನಿಯಂ ಜೊತೆ ರಾಸಾಯನಿಕವಾಗಿ ವರ್ತಿಸುತ್ತವೆ, ಅವಕ್ಕೆ ಪ್ಲಾಸ್ಟಿಕ್ ಚೇಂಬರ್ ಬೇಕು. (1895ರಲ್ಲಿ ಯೋಸೆಫ್ ಯಾಡಾಸ್ಸೋನ್ ಪ್ಯಾಚ್ ಟೆಸ್ಟನ್ನು ಮೊದಲು ವೈದ್ಯಲೋಕದ ಮುಂದಿಟ್ಟಾಗ ಪರೀಕ್ಷಿಸಿದ್ದು ಪಾದರಸವನ್ನೇ. ಈ ವಿಧಾನ ಹುಟ್ಟಿದ್ದೇ ಲೋಹದಿಂದ.) ಅಲ್ಯೂಮಿನಿಯಂಗೇ ಅಲರ್ಜಿ ಇದ್ದವರಲ್ಲಿ ಎಲ್ಲ ಅಲ್ಯೂಮಿನಿಯಂ ಚೇಂಬರುಗಳ ಕೆಳಗೂ ಉಂಗುರದಂತೆ ಕೆಂಪಾಗುತ್ತದೆ. ಬರೀ ಪೆಟ್ರೋಲೇಟಂ ಹಾಕಿದ ಜಾಗವೂ ಕೆಂಪಾಗಿದ್ದರೆ ಪರೀಕ್ಷೆಯನ್ನು ಅಲ್ಲಿಗೇ ಬಿಟ್ಟು, ಪ್ಲಾಸ್ಟಿಕ್ ಚೇಂಬರಿನಲ್ಲಿ ಮತ್ತೆ ಮಾಡಬೇಕು.

ಚೇಂಬರುಗಳಿರುವ ಅಂಟುಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತ ಅಂಟಿಸಿ ಗಾಳಿ ಹೊರಡಿಸಿ. ಪ್ರತಿ ಚೇಂಬರಿನ ಮೇಲೂ ಅಂಗೈಯಿಂದ ಕೆಲವು ಸೆಕೆಂಡು ಒತ್ತಿ ಹಿಡಿದರೆ ತಯಾರಿ ಸಮನಾಗಿ ಹರಡುತ್ತದೆ. ಚರ್ಮದ ಮೇಲೆ ಅಳಿಯದ ಶಾಯಿಯಿಂದ ಗುರುತು ಹಾಕಿ, ನಕ್ಷೆ ಬರೆದುಕೊಂಡು ಒಂದು ಫೋಟೋ ತೆಗೆಯಿರಿ. ಏಳನೇ ದಿನ ಶಾಯಿ ಮಾಸಿದಾಗ ಈ ಫೋಟೋ ಮಾತ್ರ ಕೈಹಿಡಿಯುತ್ತದೆ.

ಹೆಜ್ಜೆ 3: 48 ಗಂಟೆ

ಈ ಎರಡು ದಿನ ಬೆನ್ನಿಗೆ ನೀರು ಬೀಳಬಾರದು, ಬೆವರು ಹರಿಯುವ ಕೆಲಸ ಬೇಡ, ಬೆನ್ನು ಬಾಗಿಸಿ ಭಾರ ಎತ್ತುವುದೂ ಬೇಡ. ನವೆ ಬಂದರೆ ಪಟ್ಟಿಯ ಮೇಲಿನಿಂದಲೂ ಕೆರೆಯಬಾರದು. ಒಂದು ಪಟ್ಟಿ ಬಿಟ್ಟುಕೊಂಡರೆ ಮರಳಿ ಅಂಟಿಸಿಕೊಳ್ಳದೆ, ಎಷ್ಟು ಹೊತ್ತಿಗೆ ಬಿಟ್ಟಿತೆಂದು ಬರೆದಿಟ್ಟು ತಿಳಿಸಬೇಕು. ಒಂದು ಜಾಗದಲ್ಲಿ ತಡೆಯಲಾಗದ ಉರಿ ಬಂದರೆ ವೈದ್ಯರಿಗೆ ಹೇಳಿ ಆ ಚೇಂಬರನ್ನು ಮಾತ್ರ ತೆಗೆಸುವುದು ಸರಿ.

ಹೆಜ್ಜೆ 4: ಓದುವುದು, ಮೂರು ಸಲ

ಪಟ್ಟಿ ತೆಗೆದ ಕೂಡಲೇ ಓದಬೇಡಿ. ಅಂಟು ಮತ್ತು ಒತ್ತಡದಿಂದಾದ ಕೆಂಪು ಇಳಿಯಲು 15ರಿಂದ 60 ನಿಮಿಷ ಬಿಡಿ. ಮೊದಲ ಓದು ಎರಡನೇ ದಿನ, ಎರಡನೆಯದು ಮೂರು ಅಥವಾ ನಾಲ್ಕನೇ ದಿನ, ಮೂರನೆಯದು ಏಳನೇ ದಿನದ ಆಸುಪಾಸು. ಲೋಹಗಳಿಗೆ ಏಳನೇ ದಿನದ ಓದನ್ನು ಬಿಡಲೇಬಾರದು. ನಿಕಲ್, ಕೋಬಾಲ್ಟ್, ಪೆಲೇಡಿಯಂ ಮೂರರಲ್ಲೂ ತಡವಾಗಿ ಮೂಡುವ ಪ್ರತಿಕ್ರಿಯೆಗಳಿವೆ. ರೋಗಿಗೆ ಮತ್ತೆ ಬರಲು ಆಗದೆಂದು ಎರಡನೇ ದಿನಕ್ಕೇ ವರದಿ ಬರೆದರೆ ಕೆಲವು ನಿಜವಾದ ಅಲರ್ಜಿಗಳು ತಪ್ಪುತ್ತವೆ, ಕೆಲವು ಕೆರಳಿಕೆಗಳು ಅಲರ್ಜಿ ಎಂದು ದಾಖಲಾಗುತ್ತವೆ.

ಕಣ್ಣಿನಷ್ಟೇ ಬೆರಳೂ ಓದಬೇಕು. ಬರೀ ತೆಳು ಕೆಂಪು ಇದ್ದು ಚರ್ಮ ಉಬ್ಬಿಲ್ಲದಿದ್ದರೆ ಅದು ‘ಅನುಮಾನಾಸ್ಪದ’. ಕೆಂಪಿನ ಜೊತೆ ಬೆರಳಿಗೆ ಸಿಗುವ ಗಟ್ಟಿ ಉಬ್ಬು, ಬಹುಶಃ ಸಣ್ಣ ಗುಳ್ಳೆ ಇದ್ದರೆ ಒಂದು ಪ್ಲಸ್. ಗುಳ್ಳೆಗಳ ಜೊತೆ ನೀರ್ಗುಳ್ಳೆಗಳೂ ಇದ್ದರೆ ಎರಡು. ನೀರ್ಗುಳ್ಳೆಗಳು ಒಂದಕ್ಕೊಂದು ಸೇರಿಕೊಂಡು ಬೊಕ್ಕೆಯಾದರೆ ಮೂರು. ಕಂದು ಅಥವಾ ಕಪ್ಪು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲ, ನೇರಳೆ ಅಥವಾ ಗಾಢ ಕಂದಾಗಿ ತೋರುತ್ತದೆ. ಅಲ್ಲಿ ಬೆರಳ ತುದಿಯೇ ಮುಖ್ಯ ಸಾಧನ, ಓರೆಯಾಗಿ ಬೀಳುವ ಬೆಳಕಿನಲ್ಲಿ ನೋಡಿದರೆ ಉಬ್ಬಿನ ನೆರಳು ಸಿಗುತ್ತದೆ.

ಲೋಹಗಳು ಹಾದಿ ತಪ್ಪಿಸುವ ರೀತಿಗಳು ಬೇರೆ ಅಲರ್ಜಿಕಾರಕಗಳಿಗಿಂತ ಹೆಚ್ಚು:

ಕೋಬಾಲ್ಟ್ ಜಾಗದಲ್ಲಿ ಸೂಜಿಮೊನೆಯಷ್ಟು ಸಣ್ಣ ಕೆಂಪು ಅಥವಾ ನೇರಳೆ ಚುಕ್ಕೆಗಳು ಚದುರಿಕೊಂಡಂತೆ ಕಾಣಬಹುದು. ಚುಕ್ಕೆಗಳ ನಡುವಿನ ಚರ್ಮ ಸಾಮಾನ್ಯವಾಗಿರುತ್ತದೆ, ಉಬ್ಬು ಇರುವುದಿಲ್ಲ. ಬೆವರುರಂಧ್ರಗಳ ಸುತ್ತ ಲವಣ ಶೇಖರವಾಗಿ ಆಗುವ ಕೆರಳಿಕೆ ಇದು, ಅಲರ್ಜಿ ಅಲ್ಲ. ‘ನಿಕಲ್ ಜೊತೆ ಕೋಬಾಲ್ಟ್’ ಎಂದು ದಾಖಲಾಗುವ ಸುಳ್ಳು ಜೋಡಿಗಳ ಒಂದು ದೊಡ್ಡ ಮೂಲ ಇದೇ ಎಂಬುದು ನಮ್ಮ ದೃಢ ಅಭಿಪ್ರಾಯ. ಲೆನ್ಸ್ ಹಿಡಿದು ಒಂದು ನಿಮಿಷ ನೋಡಿದರೆ ತಪ್ಪಿಸಬಹುದಾದ ತಪ್ಪು.

ನಿಕಲ್ ಮತ್ತು ಕ್ರೋಮೇಟ್ ಜಾಗದಲ್ಲಿ ಚಿಕ್ಕ ಕೀವುಗುಳ್ಳೆಗಳು ಬರುವುದುಂಟು, ಮುಖ್ಯವಾಗಿ ಬಾಲ್ಯದಿಂದ ಇಸಬಿನ ಪ್ರಕೃತಿ ಇರುವವರಲ್ಲಿ. ಅವು ಬೇಗ ಒಣಗುತ್ತವೆ. ಸುತ್ತ ಉಬ್ಬು ಇಲ್ಲದಿದ್ದರೆ ಕೆರಳಿಕೆ ಎಂದೇ ಬರೆಯಿರಿ. ಎರಡನೇ ದಿನ ಜೋರಾಗಿದ್ದು ನಾಲ್ಕನೇ ದಿನಕ್ಕೆ ಇಳಿಯುವುದು ಕೆರಳಿಕೆಯ ಲಕ್ಷಣ, ಎರಡರಿಂದ ನಾಲ್ಕಕ್ಕೆ ಏರುವುದು ಅಲರ್ಜಿಯ ಲಕ್ಷಣ. ಆದ್ದರಿಂದ ಪ್ರತಿ ಲೋಹಕ್ಕೂ ಮೂರೂ ದಿನದ ಅಂಕವನ್ನು ಬೇರೆ ಬೇರೆ ಬರೆಯಬೇಕು, ಕೊನೆಯ ಒಂದು ಅಂಕವನ್ನು ಮಾತ್ರ ಅಲ್ಲ.

ಹೆಜ್ಜೆ 5: ಬಿಡಿಬಿಡಿಯಾಗಿ ಮತ್ತೆ

ಎರಡು ಲೋಹಗಳು ಪಾಸಿಟಿವ್ ಬಂದವು, ಎರಡೂ ಏಳನೇ ದಿನಕ್ಕೂ ಉಳಿದವು ಎನ್ನೋಣ. ಈಗ ಬೆನ್ನು ಪೂರ್ತಿ ಶಾಂತವಾಗಲು ಬಿಡಿ, ಎರಡು ಮೂರು ತಿಂಗಳಾದರೂ ಆಗಲಿ. ನಂತರ ದುರ್ಬಲವಾಗಿ ಬಂದ ಲೋಹವನ್ನು ಒಂಟಿಯಾಗಿ ಪರೀಕ್ಷಿಸಿ. ಒಂಟಿಯಾದಾಗ ಅದು ನೆಗೆಟಿವ್ ಬಂದರೆ ಮೊದಲ ಸಲದ್ದು ಕೆರಳಿದ ಬೆನ್ನಿನ ಫಲ, ವಿಷಯ ಅಲ್ಲಿಗೆ ಮುಗಿಯಿತು. ಮತ್ತೆ ಪಾಸಿಟಿವ್ ಬಂದರೆ ಮುಂದಿನ ಹೆಜ್ಜೆ.

ಹೆಜ್ಜೆ 6: ಇಳಿಕೆ ಸರಣಿ

ಎರಡೂ ಲೋಹಗಳನ್ನು ಕ್ರಮವಾಗಿ ತೆಳುಮಾಡುತ್ತ ಹಚ್ಚುವ ಪರೀಕ್ಷೆ ಇದು. ಪ್ರತಿ ಹಂತವೂ ಹಿಂದಿನದರ ಮೂರನೇ ಒಂದು ಭಾಗದಷ್ಟು: ನಿಕಲ್ ಸಲ್ಫೇಟಿಗೆ 5%, 1.6%, 0.5%, 0.16%, 0.05%, 0.016%. ಕೋಬಾಲ್ಟಿಗೆ 1%ರಿಂದ ಆರಂಭಿಸಿ ಹಾಗೆಯೇ. ಎರಡು ಸರಣಿಗಳನ್ನೂ ಬೆನ್ನಿನ ಎರಡು ಬದಿಗಳಲ್ಲಿ ದೂರ ಇಡಿ. ಮೊದಲ ಸಲ ಮೂರು ಪ್ಲಸ್ ಬಂದಿದ್ದರೆ ಮೇಲಿನ ಒಂದೆರಡು ಹಂತ ಬಿಟ್ಟು ಆರಂಭಿಸಿ, ರೋಗಿಯನ್ನು ಮತ್ತೆ ನೋಯಿಸುವ ಕಾರಣ ಇಲ್ಲ.

ಕಲಬೆರಕೆಯ ಪ್ರಶ್ನೆಗೆ ಉತ್ತರ ಇಲ್ಲಿ ಸಿಗುತ್ತದೆ, ಬರೀ ಗಣಿತದಿಂದ. ಕೋಬಾಲ್ಟ್ ಲವಣದ ಶುದ್ಧತಾ ಪತ್ರದಲ್ಲಿ ನಿಕಲ್ ಅಂಶ 0.1% ಎಂದಿದ್ದರೆ, 1% ಕೋಬಾಲ್ಟ್ ತಯಾರಿಯಲ್ಲಿ ಇರುವ ನಿಕಲ್ 0.001% ಮಾತ್ರ. ರೋಗಿ ನಿಕಲ್ ಸರಣಿಯಲ್ಲಿ 0.05%ಗೆ ಪ್ರತಿಕ್ರಿಯಿಸಿ 0.016%ಗೆ ಸುಮ್ಮನಾದರೆ, ಅದಕ್ಕಿಂತ ಎಷ್ಟೋ ಕಡಿಮೆ ಇರುವ ಆ ಕಲಬೆರಕೆಯಿಂದ ಕೋಬಾಲ್ಟ್ ಜಾಗ ಕೆಂಪಾಗಲು ಸಾಧ್ಯವಿಲ್ಲ. ಹಾಗಾದರೆ ಕೋಬಾಲ್ಟ್ ಪ್ರತಿಕ್ರಿಯೆ ಕೋಬಾಲ್ಟಿನದೇ. ತಯಾರಕರಿಂದ ಶುದ್ಧತಾ ಪತ್ರ ಕೇಳಿ ಪಡೆಯುವುದು ಈ ಕಾರಣಕ್ಕೆ ಅಗತ್ಯ.

ಹೆಜ್ಜೆ 7: ವಸ್ತುಗಳ ಪರೀಕ್ಷೆ

ರೋಗಿಗೆ ಪೆಟ್ಟಿಗೆಯೊಂದರಲ್ಲಿ ತನ್ನ ಓಲೆ, ಬಕಲ್, ಕೀಲಿ, ಕೈಉಪಕರಣಗಳನ್ನು ತರಲು ಹೇಳಿ. ಜೊತೆ ಸಂಪರ್ಕವೋ ಅಡ್ಡ ಪ್ರತಿಕ್ರಿಯೆಯೋ ಎಂಬುದು ಬಹಳ ಸಲ ಈ ಪೆಟ್ಟಿಗೆಯಲ್ಲೇ ತೀರ್ಮಾನವಾಗುತ್ತದೆ.

ನಿಕಲ್‌ಗೆ ಡೈಮೀಥೈಲ್‌ಗ್ಲೈಆಕ್ಸೈಮ್ ಪರೀಕ್ಷೆ: ಎಥನಾಲಿನಲ್ಲಿ 1% ಡೈಮೀಥೈಲ್‌ಗ್ಲೈಆಕ್ಸೈಮ್, ನೀರಿನಲ್ಲಿ 10% ಅಮೋನಿಯಂ ಹೈಡ್ರಾಕ್ಸೈಡ್. ಹತ್ತಿಯ ಕಡ್ಡಿಗೆ ಎರಡರಿಂದಲೂ ಒಂದೆರಡು ಹನಿ ಹಾಕಿ ವಸ್ತುವಿನ ಮೇಲೆ 30 ಸೆಕೆಂಡು ಒತ್ತಿ ಉಜ್ಜಿ. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ನಿಕಲ್ ಬಿಡುಗಡೆಯಾಗುತ್ತಿದೆ. ಗಾಳಿಯಾಡುವ ಜಾಗದಲ್ಲಿ, ಕೈಗವಸು ಹಾಕಿ ಮಾಡಿ, ಅಮೋನಿಯಾ ಕಣ್ಣು ಮೂಗನ್ನು ಉರಿಸುತ್ತದೆ. ತುಕ್ಕು ಮತ್ತು ಕೊಳೆಯಿಂದ ಹಳದಿ ಅಥವಾ ಕಂದು ಬಂದರೆ ಅದು ಪಾಸಿಟಿವ್ ಅಲ್ಲ. ಲೇಪನ ಇರುವ ವಸ್ತುವಿನಲ್ಲಿ ಸವೆದ ಅಂಚನ್ನೂ ಉಜ್ಜಿ ನೋಡಿ. ನೆಗೆಟಿವ್ ಬಂದ ಮಾತ್ರಕ್ಕೆ ವಸ್ತು ನಿರಪಾಯ ಎನ್ನಲಾಗದು. ಯುರೋಪಿನ ನಿಯಮ ಚರ್ಮಕ್ಕೆ ದೀರ್ಘಕಾಲ ತಾಗುವ ವಸ್ತುಗಳಿಗೆ ವಾರಕ್ಕೆ ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂ, ಚುಚ್ಚಿದ ರಂಧ್ರಕ್ಕೆ ಹಾಕುವವಕ್ಕೆ 0.2 ಮೈಕ್ರೋಗ್ರಾಂ ಎಂಬ ಮಿತಿ ಇಟ್ಟಿದೆ. ಅತಿ ಸೂಕ್ಷ್ಮ ಚರ್ಮದವರು ಅದಕ್ಕಿಂತ ಕಡಿಮೆಗೂ ಪ್ರತಿಕ್ರಿಯಿಸಬಹುದು.

ಕೋಬಾಲ್ಟಿಗೂ ಇಂಥದೇ ಪರೀಕ್ಷೆ ಇದೆ, ನೈಟ್ರೋಸೋ-ಆರ್ ಲವಣದ ಹಳದಿ ದ್ರಾವಣ ಕಿತ್ತಳೆಗೆಂಪಾಗುತ್ತದೆ. ಆರು ವೇಲೆನ್ಸಿಯ ಕ್ರೋಮಿಯಂಗೆ ಡೈಫಿನೈಲ್‌ಕಾರ್ಬಜೈಡ್, ನೇರಳೆಗೆಂಪು.

ಲೋಹದ ತುಂಡನ್ನೇ ಬೆನ್ನಿಗೆ ಅಂಟಿಸಿ ನೋಡುವ ಆಸೆ ಕೆಲವರಿಗಿರುತ್ತದೆ. ಅದನ್ನು ಪ್ರೋತ್ಸಾಹಿಸಬೇಡಿ. 48 ಗಂಟೆಯಲ್ಲಿ ಘನ ಲೋಹದಿಂದ ಹೊರಬರುವ ಅಯಾನು ಸಾಲದೆ ಸುಳ್ಳು ನೆಗೆಟಿವ್ ಬರುತ್ತದೆ, ಅಂಚು ಒತ್ತಿದ ಗುರುತು ಸುಳ್ಳು ಪಾಸಿಟಿವ್ ಆಗಿ ಕಾಣುತ್ತದೆ. ಟೈಟಾನಿಯಂನಲ್ಲಿ ಲವಣದ ಪರೀಕ್ಷೆಯೂ ನೆಚ್ಚುವಂತಿಲ್ಲ, ಅದರ ಆಕ್ಸೈಡ್ ಚರ್ಮವನ್ನು ದಾಟುವುದಿಲ್ಲ.

ಹೆಜ್ಜೆ 8: ತೀರ್ಮಾನ ಬರೆಯುವುದು

ನಿಕಲ್ ಬಲವಾಗಿ, ಪೆಲೇಡಿಯಂ ಅದಕ್ಕಿಂತ ಮೆಲ್ಲಗೆ, ಬಾಯಲ್ಲಿ ಪೆಲೇಡಿಯಂ ಮಿಶ್ರಲೋಹ ಎಂದೂ ಇರಲಿಲ್ಲ, ಬಿಳಿ ಚಿನ್ನ ತೊಟ್ಟಿಲ್ಲ, ಬಿಡಿ ಪರೀಕ್ಷೆಯಲ್ಲೂ ಪಾಸಿಟಿವ್: ‘ಸಂಭಾವ್ಯ ಅಡ್ಡ ಪ್ರತಿಕ್ರಿಯೆ, ಮೂಲ ನಿಕಲ್’. ‘ಸಂಭಾವ್ಯ’ ಎಂಬ ಪದ ಇರಲೇಬೇಕು, ಏಕೆಂದರೆ ಮನುಷ್ಯನ ಜೀವಮಾನದ ಎಲ್ಲ ಸಂಪರ್ಕಗಳನ್ನು ಪ್ಯಾಚ್ ಟೆಸ್ಟ್ ಹಿಂದಕ್ಕೆ ಹೋಗಿ ನೋಡಲಾರದು.

ಪೆಲೇಡಿಯಂ ಪಾಸಿಟಿವ್, ನಿಕಲ್ ನೆಗೆಟಿವ್ ಬಂದರೆ ಇದು ಅಪರೂಪ. ಮೊದಲು ನಿಕಲ್ ಓದನ್ನೇ ಅನುಮಾನಿಸಿ. 2.5% ಬಳಸಿದ್ದರೆ 5% ಬಳಸಿ, ಏಳನೇ ದಿನದ ಓದು ಆಗಿದೆಯೇ ನೋಡಿ, ಆಗಲೂ ನೆಗೆಟಿವ್ ಬಂದರೆ ಪೆಲೇಡಿಯಂ ಸಂಪರ್ಕವನ್ನೇ ಹುಡುಕಿ.

ಸಿಮೆಂಟ್ ಕೆಲಸಗಾರರಲ್ಲಿ ಕ್ರೋಮೇಟ್, ಕೋಬಾಲ್ಟ್ ಎರಡೂ ಏರುಗತಿಯಲ್ಲಿ ಬಂದರೆ ‘ಜೊತೆ ಅಲರ್ಜಿ’. ಕೋಬಾಲ್ಟ್ ಮಾತ್ರ ಬಂದರೆ ಚರ್ಮದ ವಸ್ತು, ಗಡಸು ಲೋಹ, ಬಣ್ಣ ಇವುಗಳತ್ತ ತಿರುಗಿ.

ಪ್ರತಿ ಪಾಸಿಟಿವ್‌ನ ಮುಂದೆ ಅದರ ಮಹತ್ವವನ್ನೂ ಗುರುತಿಸಿ: ಈಗಿನ ಇಸಬಿಗೆ ಕಾರಣ, ಹಿಂದಿನ ಇಸಬಿಗೆ ಕಾರಣ, ಸಂಪರ್ಕ ಇದೆ ಆದರೆ ಇಸಬು ಇಲ್ಲ, ಅಡ್ಡ ಪ್ರತಿಕ್ರಿಯೆ, ಪರೀಕ್ಷೆಯಿಂದಲೇ ಹುಟ್ಟಿದ್ದು, ಅಥವಾ ಸಂದಿಗ್ಧ. ಕೋಆಡೆಕ್ಸ್ (COADEX) ಎಂಬ ಸಂಕೇತ ಪದ್ಧತಿ ಈ ಆರನ್ನೇ ಆರು ಅಕ್ಷರಗಳಲ್ಲಿ ಹಿಡಿಯುತ್ತದೆ. ಬೇರೆ ಊರಿನ ವೈದ್ಯರೂ ಅದನ್ನು ಓದಬಲ್ಲರು.

ರೋಗಿಯ ಕೈಗೆ ಕೊಡುವ ಚೀಟಿಯಲ್ಲಿ ಲೋಹದ ಹೆಸರು, ಬಳಸಿದ ಲವಣ ಮತ್ತು ಶೇಕಡಾ, ಮೂರು ದಿನದ ಅಂಕ, ತೀರ್ಮಾನದ ಪದ ಇಷ್ಟೂ ಇರಲಿ. ಹಲ್ಲಿನ ಅಥವಾ ಮೂಳೆಯ ವೈದ್ಯರಿಗೆ ‘ಲೋಹದ ಅಲರ್ಜಿ ಇದೆ’ ಎಂಬ ಒಂದು ಸಾಲಿನಿಂದ ಏನೂ ತಿಳಿಯುವುದಿಲ್ಲ. ಅದೇ ಚೀಟಿಯ ಕೊನೆಗೆ ಇನ್ನೊಂದು ಸೂಚನೆ ಸೇರಿಸಿ: ಪರೀಕ್ಷೆ ಹಚ್ಚಿದ 10 ದಿನಗಳ ಮೇಲೆ, ಅದುವರೆಗೆ ಸುಮ್ಮನಿದ್ದ ಜಾಗದಲ್ಲಿ ಹೊಸದಾಗಿ ಕೆಂಪು ಮೂಡಿದರೆ ಫೋಟೋ ತೆಗೆದು ತಿಳಿಸಬೇಕು. ಅದು ತಡವಾದ ಪ್ರತಿಕ್ರಿಯೆ ಆಗಿರಬಹುದು, ಪರೀಕ್ಷೆಯಿಂದ ಹುಟ್ಟಿದ ಹೊಸ ಅಲರ್ಜಿಯೂ ಆಗಿರಬಹುದು. ಕೆಲವು ವಾರ ಬಿಟ್ಟು ಆ ಲೋಹವನ್ನು ಮಾತ್ರ ತೆಳುವಾಗಿ ಮತ್ತೆ ಹಚ್ಚಿದಾಗ ಎರಡು ಮೂರು ದಿನದೊಳಗೇ ಕೆಂಪಾದರೆ ಹೊಸ ಅಲರ್ಜಿಯ ಅನುಮಾನ ಬಲವಾಗುತ್ತದೆ, ಮತ್ತೆ ತಡವಾಗಿಯೇ ಬಂದರೆ ಅವರ ಚರ್ಮ ಆ ಲೋಹಕ್ಕೆ ನಿಧಾನವಾಗಿ ಪ್ರತಿಕ್ರಿಯಿಸುವಂಥದ್ದು ಎಂದು ದಾಖಲಿಸಿ.